ಹೇಳದೆ ಉಳಿದ ಮಾತಿಗೊಂದು ರಂಗ: ಸೈಕೋಡ್ರಾಮಾ ನಡೆದು ಬಂದ ದಾರಿ

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ, ಕೂತು ಮಾತಲ್ಲೇ ಕಥೆ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರಿಗೆ ‘ಕರ್ಣಭೇದನ’ದ ರಾತ್ರಿ ಗೊತ್ತಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ. ಮುಂದಿನದು ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಬಿಟ್ಟಿದ್ದು, ಬರೆದುಕೊಟ್ಟ ಮಾತು ಅಂತ ಇಲ್ಲ. ಹುಟ್ಟಿನ ಗುಟ್ಟು ತಿಳಿದ ಕರ್ಣ ಒಳಗೇ ಕುದಿಯುವಾಗ, ಕೇಳುತ್ತ ಕೂತ ಯಾರೋ ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವರ ಮನೆಯ ಯಾವುದೋ ಹಳೇ ಸಂಗತಿಯೂ ಆ ಕಣ್ಣೀರಲ್ಲಿ ಸೇರಿರುತ್ತದೆ ಎಂದು ನನಗೆ ಪ್ರತಿ ಸಲ ಅನಿಸಿದೆ.

ಕರ್ಣನ ಬದಲು ನಮ್ಮದೇ ಕಥೆಯನ್ನು ಹೀಗೆ ಆಡಿದರೆ? ಸೈಕೋಡ್ರಾಮಾ ಎಂಬ ಚಿಕಿತ್ಸೆ ಇರುವುದು ಈ ಪ್ರಶ್ನೆಯಲ್ಲೇ.

ಇದನ್ನು ಹುಟ್ಟುಹಾಕಿದವರು ಜೇಕಬ್ ಲೆವಿ ಮೊರೆನೊ. 1889ರಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಹುಟ್ಟಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ ಬೆಳೆದು ಡಾಕ್ಟರಾದವರು. ಓದುವ ದಿನಗಳಲ್ಲಿ ಪಾರ್ಕಿಗೆ ಹೋಗಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಮಕ್ಕಳು ಆ ಕಥೆಯನ್ನು ತಮಗೆ ತೋಚಿದಂತೆ ಆಡುತ್ತಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಟ್ಟರ್ನ್‌ಡಾರ್ಫ್ ಎಂಬಲ್ಲಿನ ನಿರಾಶ್ರಿತರ ಶಿಬಿರದಲ್ಲಿ ಕೆಲಸ. ಯಾರ ಪಕ್ಕದಲ್ಲಿ ಯಾರನ್ನು ಇಟ್ಟರೆ ಜಗಳ, ಯಾರ ಜೊತೆ ಇಟ್ಟರೆ ನೆಮ್ಮದಿ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡರು. ಒಬ್ಬರ ನೋವಿಗೆ ಮದ್ದು ಇನ್ನೊಬ್ಬರಲ್ಲೂ ಇರಬಹುದು ಎಂಬ ಯೋಚನೆ ಅವರ ಮುಂದಿನ ಕೆಲಸವನ್ನೆಲ್ಲ ನಡೆಸಿತು.

1921ರ ಏಪ್ರಿಲ್ 1ರಂದು ವಿಯೆನ್ನಾದ ಒಂದು ನಾಟಕಶಾಲೆಯಲ್ಲಿ ಬರೀ ಒಂದು ಸಿಂಹಾಸನ ಇಟ್ಟು, ಪ್ರೇಕ್ಷಕರನ್ನೇ ಕರೆದರು: ಬನ್ನಿ, ರಾಜನಾಗಿ ಈ ದೇಶವನ್ನು ಹೇಗೆ ನಡೆಸುತ್ತೀರಿ ತೋರಿಸಿ. ಆಟ ಸೋತಿತು. ಆದರೂ ಮರುವರ್ಷ, ಬರೆದ ಮಾತಿಲ್ಲದೆ ಅಲ್ಲಲ್ಲೇ ಹುಟ್ಟುವ ನಾಟಕಗಳಿಗೆಂದೇ ಒಂದು ರಂಗ ಕಟ್ಟಿದರು. ನಮ್ಮ ಅರ್ಥಧಾರಿಗಳಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ!

ಅಲ್ಲಿ ನಡೆದದ್ದು ಅಂತ ಮೊರೆನೊ ಮುಂದೆ ಒಂದು ಕಥೆ ಹೇಳುತ್ತಿದ್ದರು. ತಂಡದಲ್ಲಿ ಬಾರ್ಬರಾ ಎಂಬ ನಟಿ. ಯಾವಾಗಲೂ ಸಾಧು ಹೆಣ್ಣಿನ ಪಾತ್ರ. ಮನೆಗೆ ಹೋದರೆ ಮಾತ್ರ ಬೈಗುಳ, ಸಿಟ್ಟು, ಹೊಡೆತ ಎಂದು ಗಂಡ ಬಂದು ಹೇಳಿಕೊಂಡ. ಮೊರೆನೊ ಆಕೆಗೆ ಬೀದಿಯಲ್ಲಿ ಬಾಯಿ ಮಾಡುವ, ಒರಟು ಹೆಂಗಸಿನ ಪಾತ್ರಗಳನ್ನು ಕೊಡತೊಡಗಿದರು. ಸಿಟ್ಟೆಲ್ಲ ರಂಗದ ಮೇಲೆ ಹೊರಬಂತು. ಮನೆಯಲ್ಲಿ ಜಗಳ ಕಡಿಮೆಯಾಯಿತು. ಆಮೇಲೆ ಗಂಡ ಹೆಂಡತಿ ಇಬ್ಬರೂ ತಮ್ಮ ಮನೆಯ ದೃಶ್ಯಗಳನ್ನೇ ಆಡಿದರು.

1925ರಲ್ಲಿ ಮೊರೆನೊ ಅಮೆರಿಕಕ್ಕೆ ಹೋದರು. 1932ರಲ್ಲಿ ಅಲ್ಲಿನ ಮನೋವೈದ್ಯರ ಸಭೆಯಲ್ಲಿ ‘ಗುಂಪು ಚಿಕಿತ್ಸೆ’ಯ ಮಾತು ಎತ್ತಿದರು. 1936ರಲ್ಲಿ ನ್ಯೂಯಾರ್ಕ್ ಬಳಿಯ ಬೀಕನ್‌ನಲ್ಲಿ ಆಸ್ಪತ್ರೆ ಶುರು ಮಾಡಿ, ಅದರೊಳಗೇ ಒಂದು ರಂಗ ಕಟ್ಟಿಸಿದರು. ಹೊನ್ನಾವರದ ಗುಣವಂತೆಯಲ್ಲಿ ಯಕ್ಷಗಾನದ ಕೆರೆಮನೆ ಮೇಳ ಶುರುವಾಗಿ ಆಗ ಎರಡೇ ವರ್ಷ. ಅಸ್ವಸ್ಥಳಾದ ಅಕ್ಕನನ್ನು ಕರೆದುಕೊಂಡು 1941ರಲ್ಲಿ ಬೀಕನ್‌ಗೆ ಬಂದ ಜೆರ್ಕಾ, ಮುಂದೆ ಮೊರೆನೊ ಅವರನ್ನು ಮದುವೆಯಾದರು. 1974ರಲ್ಲಿ ಮೊರೆನೊ ತೀರಿಕೊಂಡ ಮೇಲೂ ಈ ವಿದ್ಯೆಯನ್ನು ದೇಶ ದೇಶಗಳಿಗೆ ಒಯ್ದು ಕಲಿಸಿದವರು ಅವರೇ. ಅವರ ಪಾಲನ್ನು ಜನ ಹೇಳುವುದು ಕಡಿಮೆ.

ಸರಿ, ನಡೆಯುವುದು ಹೇಗೆ? ಹತ್ತು ಹನ್ನೆರಡು ಜನ ಸುತ್ತ ಕೂರುತ್ತಾರೆ ಅನ್ನಿ. ಮೊದಲು ಮೈಮನಸ್ಸು ಸಡಿಲಾಗಲು ಸಣ್ಣಪುಟ್ಟ ಆಟ, ಮಾತು. ಆಮೇಲೆ ಒಬ್ಬರು ತಮ್ಮ ಸಂಗತಿಯೊಂದನ್ನು ಆಡಲು ಮುಂದೆ ಬರುತ್ತಾರೆ. ಭಾಗವತರಂತೆ ಆಟ ನಡೆಸುವವರು ನಿರ್ದೇಶಕರು, ಅಂದರೆ ತರಬೇತಿ ಪಡೆದ ಚಿಕಿತ್ಸಕರು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಬೆಂಗಳೂರಲ್ಲಿ ಕೆಲಸದಲ್ಲಿದ್ದ ಮಗ, ಅಪ್ಪಯ್ಯ ಹೋದ ಮೇಲೆ ಶಿರಸಿಯ ಅಡಿಕೆ ತೋಟಕ್ಕೆ ಬಂದಿದ್ದಾನೆ. ಕೊನೆಗಾಲದಲ್ಲಿ ಹತ್ತಿರ ಇರಲಿಲ್ಲ ಎಂಬ ಕೊರಗು. ಗುಂಪಿನಲ್ಲಿ ಒಬ್ಬರನ್ನು ಆತ ಅಪ್ಪಯ್ಯನ ಪಾತ್ರಕ್ಕೆ ಆರಿಸುತ್ತಾನೆ. ಜಗಲಿ ಎಲ್ಲಿ, ಕವಳದ ಬಟ್ಟಲು ಎಲ್ಲಿ ಎಂದು ತೋರಿಸುತ್ತಾನೆ. ಮಾತು ಶುರುವಾಗುತ್ತದೆ. ಮಗ ತಡವರಿಸಿದಾಗ ಬೆನ್ನ ಹಿಂದೆ ನಿಂತ ಇನ್ನೊಬ್ಬರು ಅವನ ಒಳದನಿಯಾಗಿ ಹೇಳುತ್ತಾರೆ: “ನಂಗೆ ನಿಮ್ಮ ಮೇಲೆ ಸಿಟ್ಟೂ ಇತ್ತು, ಅಪ್ಪಯ್ಯ.” ಹೌದಾದರೆ ಮಗ ಅದನ್ನು ತನ್ನ ಮಾತಲ್ಲಿ ಹೇಳುತ್ತಾನೆ, ಅಲ್ಲವಾದರೆ ತಿದ್ದುತ್ತಾನೆ. ಆಮೇಲೆ ಪಾತ್ರ ಅದಲು ಬದಲು. ಮಗ ಅಪ್ಪಯ್ಯನ ಜಾಗದಲ್ಲಿ ಕೂತು, ತನ್ನದೇ ಪ್ರಶ್ನೆಗೆ ಅಪ್ಪಯ್ಯನಾಗಿ ಉತ್ತರ ಕೊಡಬೇಕು. ಎಷ್ಟೋ ವರ್ಷದಿಂದ ಒಂದೇ ಕಡೆಯಿಂದ ನೋಡಿದ್ದನ್ನು ಇನ್ನೊಂದು ಕಡೆಯಿಂದ ನೋಡುವ ಗಳಿಗೆ ಇದು. ಇಡೀ ಪದ್ಧತಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸುವುದೂ ಇದೇ.

ಆಟ ಮುಗಿದ ಮೇಲೆ ಉಳಿದವರು ಮಾತಾಡುತ್ತಾರೆ. ಬುದ್ಧಿವಾದ ಹೇಳುವ ಹಾಗಿಲ್ಲ. “ನೀನು ಹೀಗೆ ಮಾಡಬೇಕಿತ್ತು” ಅನ್ನುವ ಹಾಗಿಲ್ಲ. ನೋಡುವಾಗ ತಮ್ಮ ಬದುಕಿನಲ್ಲಿ ಏನು ನೆನಪಾಯಿತು, ಅಷ್ಟು ಮಾತ್ರ. ಅಪ್ಪಯ್ಯನಾದವರು ಆ ಪಾತ್ರದಿಂದ ಹೊರಬಂದು ತಮ್ಮ ಸ್ವಂತ ಹೆಸರು ಹೇಳಿಕೊಳ್ಳುತ್ತಾರೆ. ಯಕ್ಷಗಾನದವರು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಬಿಚ್ಚಿದ ಹಾಗೆ.

ಕೆಲವು ಸಲ, ಇಲ್ಲದವರ ಜಾಗದಲ್ಲಿ ಎದುರಿಗೆ ಖಾಲಿ ಕುರ್ಚಿ ಮಾತ್ರ ಇಡುತ್ತಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಒಬ್ಬ ಲಾರಿ ಚಾಲಕರ ದೇಹ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಕಡಲಿಗೆ ಹೋಗಿ ಮರಳದವರ ಮನೆಗಳೂ ನಮ್ಮ ಕರಾವಳಿಯಲ್ಲಿವೆ. ಮುಖ ನೋಡಿ ಕಳಿಸಿಕೊಡಲು ಆಗದ ದುಃಖ ಬೇರೆಯೇ ತರಹದ್ದು. ಅಂಥವರಿಗೆ, ಅವರು ಸಿದ್ಧರಾದಾಗ, ಆ ಕುರ್ಚಿಯೆದುರು ಕೂತು ಉಳಿದ ಮಾತು ಆಡಲು ಒಂದು ಅವಕಾಶ ಸಿಗಬೇಕು ಅಂತ ನನ್ನ ಆಸೆ.

ಆದರೆ ನಾಟಕ ಮಾಡಿಸಲು ಬರುವವರೆಲ್ಲ ಇದನ್ನು ಮಾಡಿಸಲಾಗದು. ಹಳೇ ಗಾಯ ತೆರೆದರೆ ಮುಚ್ಚಲೂ ಬರಬೇಕು. ಮನಸ್ಸು ತೀರಾ ಕದಡಿದವರಿಗೆ, ಇಲ್ಲದ ದನಿ ಕೇಳಿಸುತ್ತಿರುವವರಿಗೆ ಮೊದಲು ಮನೋವೈದ್ಯರ ಆರೈಕೆ ಬೇಕು. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರುಗಳು. ಹಾಗಾಗಿ ಗುಂಪಿನ ಮಾತು ಗುಂಪಿನಲ್ಲೇ ಇರುತ್ತದೆ ಎಂಬ ಒಪ್ಪಂದ ಇಲ್ಲಿ ಜಾಸ್ತಿ ಗಟ್ಟಿಯಾಗಿರಬೇಕು. ಸೇರುವ ಮೊದಲು ಸಂಕೋಚ ಬಿಟ್ಟು ಕೇಳಿ: ನಡೆಸುವವರು ಎಲ್ಲಿ ಕಲಿತವರು? ಬೇಡ ಅನಿಸಿದರೆ ಅರ್ಧಕ್ಕೇ ನಿಲ್ಲಿಸಬಹುದಾ? ಸುಮ್ನೆ ಕೂತು ನೋಡಬಹುದಾ? ಯಾರ ಹತ್ತಿರ ಹೋಗಬೇಕೆಂದೇ ತಿಳಿಯದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.