ಸೋಲ್ಡರಿಂಗ್ ಐರನ್ ಆಮೇಲೆ, ಮೀಟರ್ ಮೊದಲು

ಗಿಟಾರ್ ಸದ್ದನ್ನು ಒರಟಾಗಿಸುವ ಫಜ್ ಪೆಡಲ್ ಮನೆಯಲ್ಲೇ ಕಟ್ಟಿ, ಅದು ಸದ್ದು ಮಾಡದಿದ್ದರೆ ಹೆಚ್ಚಿನವರು ಮೊದಲು ಟ್ರಾನ್ಸಿಸ್ಟರ್ ಕಿತ್ತು ಹೊಸದು ಹಾಕುತ್ತಾರೆ. ಅದೂ ಆಗಲಿಲ್ಲ ಅಂದರೆ ಇನ್ನೊಂದು. ರಿಪೇರಿಗೆ ನನ್ನ ಬೆಂಚಿಗೆ ಬರುವಷ್ಟರಲ್ಲಿ ಬೋರ್ಡಿನ ತಾಮ್ರದ ಪಟ್ಟಿ ಕಾವಿಗೆ ಎದ್ದು ಬಂದಿರುತ್ತದೆ. ನಿಜ ಹೇಳಬೇಕೆಂದರೆ ಹೊಸ ಪಾರ್ಟ್ ಕೆಟ್ಟಿರುವುದು ಅಪರೂಪ. ತಪ್ಪು ಇರುವುದು ವೈರಿನಲ್ಲಿ, ಬೆಸುಗೆಯಲ್ಲಿ, ಇಲ್ಲವೇ ತಿರುಗಿಸಿ ಕೂರಿಸಿದ ಕಾಲಿನಲ್ಲಿ.

ಫಜ್ ಫೇಸ್ ಸರ್ಕ್ಯೂಟನ್ನೇ ನೋಡೋಣ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಪೆಡಲ್ ಇದು. ಜಿಮಿ ಹೆಂಡ್ರಿಕ್ಸ್ ನುಡಿಸಿದ್ದರಿಂದ ಹೆಸರಾಯಿತು. ಒಳಗೆ ಇರುವುದು ಎರಡೇ ಟ್ರಾನ್ಸಿಸ್ಟರ್. ಮೊದಲ ಸಲ ಪೆಡಲ್ ಕಟ್ಟುವವರು ಇದನ್ನೇ ಹಿಡಿಯುತ್ತಾರೆ. ಈಗ ಸಿಗುವ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಕಟ್ಟಿದ್ದೀರಿ ಅಂದುಕೊಳ್ಳಿ.

ಮೊದಲು ಬೈಪಾಸ್ ನೋಡಿ, ಅಂದರೆ ಪೆಡಲ್ ಆಫ್ ಇದ್ದಾಗ ಸದ್ದು ನೇರ ಹೊರಗೆ ಹೋಗುವ ದಾರಿ. ಪೆಡಲ್ ಆಫ್ ಇದ್ದಾಗಲೂ ಗಿಟಾರ್ ಕೇಳಿಸದಿದ್ದರೆ ಬೋರ್ಡನ್ನು ಮುಟ್ಟಲೇಬೇಡಿ. ಜ್ಯಾಕ್, ಫುಟ್‌ಸ್ವಿಚ್ ವೈರಿಂಗ್ ನೋಡಿ. ಸ್ವಿಚ್ಚಿನ ಕಾಲಿಗೆ ತುಂಬಾ ಹೊತ್ತು ಕಾವು ಕೊಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ.

ಆಮೇಲೆ ಕರೆಂಟು. ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಹಾಕುವುದು ಬ್ಯಾಟರಿಗೆ ಸ್ವಿಚ್ಚಾಗಲಿ ಅಂತ. ಕೇಬಲ್ ಚುಚ್ಚಿದಾಗ ಮಾತ್ರ ಬ್ಯಾಟರಿಯ ಮೈನಸ್ ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದುವಿಗೆ) ಸೇರುತ್ತದೆ. ಕೇಬಲ್ ಚುಚ್ಚದೆ ಅಳೆದು "ಎಲ್ಲಾ ಕಡೆ ಸೊನ್ನೆ" ಅಂತ ತರುವವರಿದ್ದಾರೆ! ಅಡಾಪ್ಟರ್ ಆದರೆ ಪಿನ್ ನೋಡಿ. ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್. ವೈಫೈ ರೂಟರಿನ ಅಡಾಪ್ಟರಿನಲ್ಲಿ ಹೆಚ್ಚಾಗಿ ಅದು ಪ್ಲಸ್.

ಈಗ ಮುಖ್ಯ ಕೆಲಸ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ, ಕಪ್ಪು ಪ್ರೋಬ್ ಗ್ರೌಂಡಿಗೆ. ಟ್ರಾನ್ಸಿಸ್ಟರಿನ ಮೂರು ಕಾಲುಗಳ ಹೆಸರು ಬೇಸ್, ಕಲೆಕ್ಟರ್, ಎಮಿಟರ್. ಮೊದಲ ಟ್ರಾನ್ಸಿಸ್ಟರಿನ ಬೇಸ್‌ನಲ್ಲಿ 0.6 ವೋಲ್ಟ್ ಆಸುಪಾಸು ಸಿಗಬೇಕು. ಅದರ ಕಲೆಕ್ಟರಿನಲ್ಲಿ 1.3ರ ಹತ್ತಿರ. ಎರಡನೆಯದರ ಕಲೆಕ್ಟರಿನಲ್ಲಿ 4.5 ಸಿಕ್ಕರೆ ಚೆನ್ನ, ಅಂದರೆ ಬ್ಯಾಟರಿಯ ಅರ್ಧ. ಹಳೆಯ ಸರ್ಕ್ಯೂಟ್ ಚಿತ್ರದಲ್ಲಿರುವ 8.2 ಕೆ (ಕಿಲೊ ಓಮ್) ರೆಸಿಸ್ಟರನ್ನೇ ಹಾಕಿದರೆ ಸಿಲಿಕಾನ್‌ನಲ್ಲಿ ಇದು 3 ವೋಲ್ಟಿಗೆ ಇಳಿಯುವುದು ಸಹಜ. ಆ ಜಾಗಕ್ಕೆ, ತಿರುಗಿಸಿ ಓಮ್ ಬದಲಿಸುವ 10 ಕೆ ಟ್ರಿಮ್‌ಪಾಟ್ ಹಾಕಿ ತಿರುಗಿಸಿಕೊಳ್ಳಿ.

ಎರಡೂ ಟ್ರಾನ್ಸಿಸ್ಟರುಗಳ ನಡುವೆ ಕೆಪಾಸಿಟರ್ ಇಲ್ಲ. ಮೊದಲನೆಯದರ ಬೇಸ್‌ಗೆ ವೋಲ್ಟೇಜ್ ಬರುವುದು ಎರಡನೆಯದರ ಎಮಿಟರಿನಿಂದ, 100 ಕೆ ರೆಸಿಸ್ಟರ್ ಮೂಲಕ. ಹಾಗಾಗಿ ಒಂದು ಕೆಟ್ಟರೆ ಎರಡರ ಅಳತೆಯೂ ಹಾಳಾಗುತ್ತದೆ. ಆದರೆ ಹೇಗೆ ಹಾಳಾಗಿದೆ ಅನ್ನುವುದೇ ಸುಳಿವು. ಮೊದಲ ಬೇಸ್‌ನಲ್ಲಿ ಸೊನ್ನೆ, ಎರಡನೆಯ ಕಲೆಕ್ಟರಿನಲ್ಲಿ ಒಂದು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಬಂತಾ? ಆ 100 ಕೆ ರೆಸಿಸ್ಟರಿನ ಬೆಸುಗೆ ಬಿಟ್ಟಿದೆ. ಮೊದಲನೆಯದರಲ್ಲಿ ಎಲ್ಲ ಸರಿ, ಎರಡನೆಯ ಕಲೆಕ್ಟರ್ ಮಾತ್ರ ಪೂರ್ತಿ 9 ವೋಲ್ಟ್ ಬಂತಾ? ಫಜ್ ಪಾಟ್‌ನಿಂದ (ಫಜ್ ಹೆಚ್ಚು-ಕಡಿಮೆ ಮಾಡುವ ಗುಂಡಿಯಿಂದ) ಗ್ರೌಂಡಿಗೆ ಹೋಗುವ ವೈರ್ ನೋಡಿ, ಅದು ಕಡಿದಿರುತ್ತದೆ. ಇದನ್ನೆಲ್ಲ ಪಾರ್ಟ್ ಬದಲಿಸಿ ಕಂಡುಹಿಡಿಯಲು ಹೊರಟರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ಅಳತೆಗಳು ಅರ್ಥವಾಗದಂತೆ ಅಡ್ಡಾದಿಡ್ಡಿ ಬಂದರೆ ಟ್ರಾನ್ಸಿಸ್ಟರಿನ ಕಾಲು ನೋಡಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಬಿಸಿ 547 (BC547) ಎಂಬ ಮಾದರಿಯಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904ರಲ್ಲಿ ಪೂರ್ತಿ ಉಲ್ಟಾ. ಎಸ್‌.ಪಿ. ರಸ್ತೆಯಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಒಂದು ಕೇಳಿ, ಇಲ್ಲ ಅಂದಾಗ ಇನ್ನೊಂದನ್ನು ತಂದು ಹಾಗೇ ಕೂರಿಸಿದರೆ ಆಗುವುದು ಇದೇ. ಮೋಸ ಏನಂದರೆ, ಉಲ್ಟಾ ಕೂತ ಟ್ರಾನ್ಸಿಸ್ಟರೂ ಕೆಲವು ಸಲ ಕ್ಷೀಣವಾಗಿ ಸದ್ದು ಕೊಡುತ್ತದೆ. ಕಟ್ಟಿದವರಿಗೆ ಅನುಮಾನವೇ ಬರುವುದಿಲ್ಲ.

ವೋಲ್ಟೇಜ್ ಎಲ್ಲ ಸರಿ, ಸದ್ದು ಮಾತ್ರ ಇಲ್ಲ ಅಂದರೆ ಆಡಿಯೊ ಪ್ರೋಬ್ ಮಾಡಿಕೊಳ್ಳಿ. ಹಳೇ ಗಿಟಾರ್ ಕೇಬಲ್ ಕತ್ತರಿಸಿ, ಒಳವೈರಿನ ತುದಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಡಿಸಿ ಆಂಪಿಗೆ ಹೋಗದಂತೆ ಅದು ತಡೆಯುತ್ತದೆ. ಹೊರಜಾಲರಿಯನ್ನು ಸರ್ಕ್ಯೂಟಿನ ಗ್ರೌಂಡಿಗೆ ಕೊಡಿ, ಇನ್ನೊಂದು ತುದಿಯ ಪ್ಲಗ್ ಆಂಪಿಗೆ. ಆಂಪ್ ವಾಲ್ಯೂಮ್ ತಗ್ಗಿಸಿ, ಯಾರಿಗಾದರೂ ಗಿಟಾರ್ ಮೀಟಲು ಹೇಳಿ, ಇನ್‌ಪುಟ್‌ನಿಂದ ಕೆಪಾಸಿಟರಿನ ಇನ್ನೊಂದು ಕಾಲಿನಲ್ಲಿ ಒಂದೊಂದೇ ಬಿಂದು ಮುಟ್ಟುತ್ತಾ ಬನ್ನಿ. ಸದ್ದು ಎಲ್ಲಿ ನಿಂತಿತೋ ಅದಕ್ಕೂ ಹಿಂದಿನ ಬಿಂದುವಿಗೂ ನಡುವೆ ತಪ್ಪಿದೆ. ತಾಮ್ರದ ಪಟ್ಟಿಗಳಿರುವ ವೆರೊಬೋರ್ಡ್ ಆದರೆ ಪಟ್ಟಿಗಳ ನಡುವೆ ಬ್ಲೇಡ್ ಎಳೆಯಿರಿ. ಕೂದಲಿನಷ್ಟು ತಾಮ್ರದ ಎಳೆ ಸಾಕು, ಶಾರ್ಟ್ ಆಗುತ್ತದೆ.

ಸದ್ದಿನ ಜೊತೆ ರೇಡಿಯೊ ಕೂಡ ಕೇಳಿಸುತ್ತಿದ್ದರೆ ಗಾಬರಿ ಬೇಡ. ಸಿಲಿಕಾನ್ ಫಜ್‌ನ ಗೇನ್ (ಸದ್ದು ಹಿಗ್ಗಿಸುವ ಶಕ್ತಿ) ಜಾಸ್ತಿ, ಅದು ಹಾಗೇ. ಮೊದಲ ಟ್ರಾನ್ಸಿಸ್ಟರಿನ ಬೇಸ್‌ಗೂ ಕಲೆಕ್ಟರಿಗೂ ನಡುವೆ 100 ಪಿಕೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಬಹುತೇಕ ಹೋಗುತ್ತದೆ.

ಇನ್ನು, ಮೇಜಿನ ಮೇಲೆ ಚೆನ್ನಾಗಿ ಹಾಡಿ, ಡಬ್ಬಿ ಮುಚ್ಚಿದ ಕೂಡಲೇ ಸಾಯುವ ಪೆಡಲ್. ಇಲ್ಲಿ ಸರ್ಕ್ಯೂಟಿನ ತಪ್ಪೇನೂ ಇಲ್ಲ. ಬೋರ್ಡಿನ ಹಿಂಬದಿ ಪಾಟ್‌ಗೆ ತಾಗುತ್ತಿರುತ್ತದೆ, ಇಲ್ಲವೇ ಕೇಬಲ್ ಚುಚ್ಚಿದಾಗ ಜ್ಯಾಕಿನ ಎಲೆ ಹೊರಗೆ ಬಾಗಿ ಅಲ್ಯೂಮಿನಿಯಂ ಗೋಡೆಗೆ ಮುಟ್ಟುತ್ತದೆ. ಕೇಬಲ್ ಚುಚ್ಚಿಟ್ಟೇ ಒಳಗೆ ಕಣ್ಣಾಡಿಸಿ. ಜ್ಯಾಕನ್ನು ಸ್ವಲ್ಪ ತಿರುಗಿಸಿ, ಪಾಟ್‌ಗಳ ಬೆನ್ನಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಆಮೇಲೆ ಸ್ಕ್ರೂ ಬಿಗಿಯಿರಿ.