ರಂಗನತಿಟ್ಟಿಗೆ ಸೈಬೀರಿಯಾ ಹಕ್ಕಿಗಳು ಯಾವಾಗ ಬರುತ್ತವೆ?

ಸಂಕ್ರಾಂತಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು. ಹಕ್ಕಿ ನೋಡಬೇಕಾದರೆ ಜನವರಿಯಿಂದ ಮೇ ಒಳಗೆ, ಬೆಳಿಗ್ಗೆ ಬೇಗ ಹೋಗಿ. ಆದರೆ ಮರದ ತುಂಬ ಗೂಡು ಕಟ್ಟಿರುವ ಆ ಕೊಕ್ಕರೆಗಳು ಸೈಬೀರಿಯಾದವಲ್ಲ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಉದ್ದ ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇರುವುದು ಬಣ್ಣದ ಕೊಕ್ಕರೆ. ಕೊಕ್ಕಿನ ಕೆಳಗೆ ಚೀಲ ಇರುವುದು ಹೆಜ್ಜಾರ್ಲೆ. ಎರಡೂ ನಮ್ಮ ದೇಶದವೇ. ನೀರು, ಮೀನು ಇರುವ ಕಡೆಗೆ ಕೆರೆಯಿಂದ ಕೆರೆಗೆ ಓಡಾಡುತ್ತವೆ, ಅಷ್ಟೇ. ಚಳಿಗೆ ಹೆದರಿ ದೂರದಿಂದ ಬರುವ ಹಕ್ಕಿ ಇಲ್ಲಿ ಮೇಯುತ್ತದೆ, ಗೂಡು ಕಟ್ಟುವುದಿಲ್ಲ. ಮರಿ ಮಾಡಲು ತನ್ನೂರಿಗೇ ವಾಪಸ್ ಹೋಗುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಹೆಸರಿನ ಗ್ರಾಮದ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಅಂಥದ್ದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಆ ಕೆರೆಯ ದಂಡೆಯಲ್ಲಿ ಅದರ ಗೂಡು ಹುಡುಕಿದರೂ ಸಿಗುವುದಿಲ್ಲ.

ಇನ್ನು ನಿಜವಾದ ಸೈಬೀರಿಯಾ ಕ್ರೇನ್ ಬರುತ್ತಿದ್ದದ್ದು ರಾಜಸ್ಥಾನದ ಭರತಪುರಕ್ಕೆ. 2002ರ ನಂತರ ಅಲ್ಲಿಗೂ ಬಂದಿಲ್ಲ. ಅದು ಮರದ ಮೇಲೆ ಕೂರುವ ಹಕ್ಕಿಯೂ ಅಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಈ ಕೊಕ್ಕರೆಗಳು ನಮ್ಮವೇ ಅಂತ ಯಾರೂ ಹೇಳಿಕೊಡಬೇಕಿಲ್ಲ. ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತಾರೆ ಅವರು. ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು. ಸುಡುಬಿಸಿಲಲ್ಲಿ ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳಾಗಿ ನಿಂತಿರುತ್ತದೆ. ನುಂಗಿ ತಂದ ಮೀನನ್ನು ಗೂಡಿನೊಳಗೆ ಕಕ್ಕಿ ತಿನ್ನಿಸುತ್ತದೆ. ಆ ಮೀನು ನಮ್ಮ ಕೆರೆಯದು, ಅಲ್ವಾ?

ನಾನು ಇಷ್ಟು ಹಠ ಮಾಡುವುದು ಅದಕ್ಕೇ. ವಿದೇಶಿ ಅತಿಥಿ ಅಂದುಕೊಂಡರೆ ಫೋಟೊ ತೆಗೆದು ಕಳಿಸಿಕೊಟ್ಟರೆ ಮುಗಿಯಿತು. ನಮ್ಮದೇ ಹಕ್ಕಿ ಅಂದರೆ ಕೆರೆಯನ್ನು ವರ್ಷವಿಡೀ ಕಾಯಬೇಕು. ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರೂ ಸೇರಿ ಕಾಯುವ ಸಂರಕ್ಷಿತ ಜಾಗ, ಆಯಿತು. ಆದರೂ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಕಾರಣ ಹೊಟ್ಟೆಯೊಳಗಿನ ಜಂತುಹುಳ. ಇಂಥ ಹುಳ ಹಕ್ಕಿಗೆ ಹತ್ತುವುದು ತಿನ್ನುವ ಮೀನಿನಿಂದ. ಮರ ಉಳಿಸಿದರೆ ಮಾತ್ರ ಸಾಲದು, ನೀರೂ ಚೆನ್ನಾಗಿರಬೇಕು.

ಯಾರೂ ಕೇಳದ ಇನ್ನೊಂದು ಹಕ್ಕಿಯ ವಿಷಯ ಹೇಳಿಬಿಡುತ್ತೇನೆ. ರಂಗನತಿಟ್ಟಿನಲ್ಲಿ ಎಲ್ಲರೂ ಮರದ ಮೇಲೇ ನೋಡುತ್ತಾರೆ. ಕೆಳಗೆ ಬಂಡೆಗಳ ಮೇಲೆ ರಿವರ್ ಟರ್ನ್ ಕೂತಿರುತ್ತದೆ. ಕಪ್ಪು ಟೋಪಿ ಹಾಕಿದಂಥ ತಲೆ, ಹಳದಿ ಕೊಕ್ಕು, ಕವಲು ಬಾಲ. ಇದು ಕಡಲ ಹಕ್ಕಿಗಳ ಬಳಗದ್ದು, ಬದುಕು ಮಾತ್ರ ಹೊಳೆಯಲ್ಲಿ. ಗೂಡೇ ಕಟ್ಟುವುದಿಲ್ಲ, ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಚುಕ್ಕೆ ಚುಕ್ಕೆ ಮೊಟ್ಟೆ ಕಲ್ಲಿನ ಬಣ್ಣಕ್ಕೆ ಸೇರಿಹೋಗಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟೆಯಿಂದ ದಿಢೀರನೆ ನೀರು ಬಿಟ್ಟರೆ ಮೊಟ್ಟೆ, ಮರಿ ಎಲ್ಲ ಕೊಚ್ಚಿಹೋಗುತ್ತವೆ. ಜನ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಕಾದ ಬಂಡೆಯ ಮೇಲೆ ಮೊಟ್ಟೆಗೆ ನೆರಳಿರುವುದಿಲ್ಲ. ದೋಣಿ ಹತ್ತಿದಾಗ ಫೋಟೊಗೋಸ್ಕರ ಬಂಡೆ ಪಕ್ಕಕ್ಕೆ ಬಿಡಿ ಅಂತ ದೋಣಿಯವರನ್ನು ಒತ್ತಾಯ ಮಾಡಬೇಡಿ.