ರೋಲ್ ವರ್ಗಾವಣೆ ನಿಮಿಷದ ಕೆಲಸ, ಡಿಎನ್ಎಸ್ ವಾರದ ಕೆಲಸ

ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟ್ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. 2016ರ ಆವೃತ್ತಿಗೆ 2027ರ ಜನವರಿ 12 ಕೊನೆಯ ದಿನ. ಆದ್ದರಿಂದ ಸಣ್ಣ ಕಚೇರಿ, ಕಾರ್ಖಾನೆ, ಕಾಲೇಜುಗಳಿಂದ ಬರುವ ಕರೆಗಳಲ್ಲಿ ಬಹುಪಾಲು ಒಂದೇ ಧಾಟಿಯವು: "ಸರ್, ಹೊಸ ಸರ್ವರ್ ಬಂದಿದೆ. ಶನಿವಾರ ರಾತ್ರಿ ಕೂತು ರೋಲ್ ಎಲ್ಲಾ ಮೂವ್ ಮಾಡಿಬಿಡೋಣ್ವಾ?"

ರೋಲ್ ಅಂದರೆ ಡೊಮೇನ್ ಕಂಟ್ರೋಲರ್‌ಗೆ (ಕಚೇರಿಯ ಬಳಕೆದಾರರು, ಕಂಪ್ಯೂಟರ್‌ಗಳ ಒಟ್ಟು ವ್ಯವಸ್ಥೆಯಾದ ಡೊಮೇನ್ ನಡೆಸುವ ಸರ್ವರ್‌ಗೆ) ವಹಿಸಿದ ವಿಶೇಷ ಹೊಣೆ. ಅದನ್ನು ಸಾಗಿಸಲು ಶನಿವಾರ ರಾತ್ರಿ ಬೇಕಿಲ್ಲ. ಕೆಲಸದ ಹೊತ್ತಿನಲ್ಲೇ ಮಾಡಬಹುದು, ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ. ತೊಂದರೆ ಬರುವುದು, ಮುಖ್ಯವಾಗಿ ಡಿಎನ್ಎಸ್‌ಗೆ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಸೇವೆಗೆ), ಹಳೆಯ ಸರ್ವರ್‌ನ ಐಪಿ ವಿಳಾಸವನ್ನೇ ನೆಚ್ಚಿಕೊಂಡಿರುವ ಸಾಧನಗಳಿಂದ. ನಿಮ್ಮ ಸಮಯದ ದೊಡ್ಡ ಪಾಲನ್ನು ಅವುಗಳ ಹುಡುಕಾಟಕ್ಕೆ ಮೀಸಲಿಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಮೊದಲು ಡೊಮೇನ್‌ನ ಆರೋಗ್ಯ ನೋಡಿ. ಡಿಸಿಡಯಾಗ್ ಮತ್ತು ರೆಪ್‌ಅಡ್ಮಿನ್ ಎಂಬ ತಪಾಸಣೆಯ ಆಜ್ಞೆಗಳೆರಡರಲ್ಲೂ ದೋಷ ಕಾಣಬಾರದು. 2003ರ ಕಾಲದಲ್ಲಿ ಹುಟ್ಟಿದ ಡೊಮೇನ್ ಆಗಿದ್ದರೆ ಕಂಟ್ರೋಲರ್‌ಗಳು ಹಂಚಿಕೊಳ್ಳುವ ಸಿಸ್‌ವಾಲ್ ಫೋಲ್ಡರ್ ಇನ್ನೂ ಹಳೆಯ ನಕಲು ವ್ಯವಸ್ಥೆಯಾದ ಎಫ್‌ಆರ್‌ಎಸ್ ಮೂಲಕವೇ ನಕಲಾಗುತ್ತಿರಬಹುದು. ಹಾಗಿದ್ದರೆ 2019 ಅಥವಾ ಅದರ ನಂತರದ ಸರ್ವರ್ ಡೊಮೇನ್ ಕಂಟ್ರೋಲರ್ ಆಗಲು ಒಪ್ಪುವುದೇ ಇಲ್ಲ. ಡಿಎಫ್‌ಎಸ್‌ಆರ್‌ಮಿಗ್ ಆಜ್ಞೆ ಬಳಸಿ ಮೂರು ಹಂತಗಳಲ್ಲಿ ಹೊಸ ನಕಲು ವ್ಯವಸ್ಥೆಯಾದ ಡಿಎಫ್‌ಎಸ್‌ಆರ್‌ಗೆ ಬದಲಾಯಿಸಬೇಕು. ಎಲ್ಲ ಕಂಟ್ರೋಲರ್‌ಗಳೂ ಒಂದು ಹಂತಕ್ಕೆ ಬಂದು ಸೇರುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ಕೊನೆಯ ಹಂತ ದಾಟಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಇನ್ನು ರೋಲ್‌ಗಳು. ಸ್ಕೀಮಾ ಮಾಸ್ಟರ್ ಮತ್ತು ಡೊಮೇನ್ ನೇಮಿಂಗ್ ಮಾಸ್ಟರ್ ಇಡೀ ಫಾರೆಸ್ಟ್‌ಗೆ (ಡೊಮೇನ್‌ಗಳ ಗುಂಪಿಗೆ) ಒಂದೊಂದು. ಪಿಡಿಸಿ ಎಮ್ಯುಲೇಟರ್, ರಿಡ್ ಮಾಸ್ಟರ್, ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್ ಪ್ರತಿ ಡೊಮೇನ್‌ಗೆ ಒಂದೊಂದು. ಪವರ್‌ಶೆಲ್‌ನ ಒಂದೇ ಆಜ್ಞೆಯಲ್ಲಿ ಐದೂ ಹೋಗುತ್ತವೆ. ಹಳೆಯ ಸರ್ವರ್ ಬದುಕಿರುವಾಗ ಬಲವಂತದ ವರ್ಗಾವಣೆ, ಅಂದರೆ ಸೀಜ್, ಖಂಡಿತ ಬೇಡ. ಸೀಜ್ ಮಾಡಿದ ಮೇಲೆ ಹಳೆಯದು ಮತ್ತೆ ನೆಟ್‌ವರ್ಕ್‌ಗೆ ಬರಬಾರದು. ರಿಡ್ ಮಾಸ್ಟರ್ ಪ್ರತಿ ಕಂಟ್ರೋಲರ್‌ಗೂ 500ರ ಕಂತಿನಲ್ಲಿ ಸಂಖ್ಯೆಗಳನ್ನು ಹಂಚುತ್ತದೆ. ಇಬ್ಬರು ಮಾಸ್ಟರ್‌ಗಳು ಒಂದೇ ಕಂತನ್ನು ಹಂಚಿದರೆ ಬೇರೆ ಬೇರೆ ಖಾತೆಗಳಿಗೆ ಒಂದೇ ಗುರುತು ಬೀಳುತ್ತದೆ. ಅದನ್ನು ಬಿಡಿಸುವುದು ಬಹಳ ನೋವಿನ ಕೆಲಸ.

ಪಿಡಿಸಿ ಎಮ್ಯುಲೇಟರ್ ಜೊತೆಗೆ ಗಡಿಯಾರದ ಹೊಣೆಯೂ ಹೋಗುತ್ತದೆ, ಸೆಟ್ಟಿಂಗ್ ಮಾತ್ರ ತಾನಾಗಿ ಹೋಗುವುದಿಲ್ಲ. ಹೊಸ ಸರ್ವರ್‌ಗೆ ಹೊರಗಿನ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಕೊಡುವ) ಮೂಲವನ್ನು ನೀವೇ ತೋರಿಸಬೇಕು. ಭಾರತದ ಸಂಸ್ಥೆಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಗಡಿಯಾರ ಕೂಡಿಸಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಹೊಸ ಸರ್ವರ್ ವರ್ಚುವಲ್ ಆಗಿದ್ದರೆ ಹೋಸ್ಟ್‌ನಿಂದ (ಅದು ಓಡುವ ಭೌತಿಕ ಯಂತ್ರದಿಂದ) ಸಮಯ ಪಡೆಯುವುದನ್ನು ನಿಲ್ಲಿಸಿ. ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಗುರುತು ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಲಾಗಿನ್ ನಿರಾಕರಿಸುತ್ತದೆ, ಬಳಕೆದಾರರು ಪಾಸ್‌ವರ್ಡ್ ತಪ್ಪೆಂದುಕೊಂಡು ಫೋನ್ ಮಾಡುತ್ತಾರೆ.

ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಲೀಸ್‌ಗಳ (ಯಾರಿಗೆ ಯಾವ ವಿಳಾಸ, ಎಷ್ಟು ದಿನಕ್ಕೆ ಎಂಬ ದಾಖಲೆಗಳ) ಸಮೇತ ಎಕ್ಸ್‌ಪೋರ್ಟ್ ಮಾಡಿ, ಹಳೆಯದರಲ್ಲಿ ಸೇವೆ ನಿಲ್ಲಿಸಿ, ಹೊಸದರಲ್ಲಿ ಇಂಪೋರ್ಟ್ ಮಾಡಿ ಆಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೇನ್‌ನ ಖಾತೆ, ಕಂಪ್ಯೂಟರ್‌ಗಳ ದಾಖಲೆಯಲ್ಲಿ) ಅಧಿಕೃತಗೊಳಿಸಿ. ಇದಕ್ಕೂ ಮುಂಚೆ, ಸುಮಾರು ಒಂದು ವಾರ ಮೊದಲೇ, ಸ್ಕೋಪ್‌ನ (ಹಂಚುವ ವಿಳಾಸಗಳ ಶ್ರೇಣಿಯ) 006ನೇ ಆಯ್ಕೆಯಲ್ಲಿ ಹೊಸ ಸರ್ವರ್‌ನ ವಿಳಾಸವನ್ನು ಡಿಎನ್ಎಸ್ ಪಟ್ಟಿಯ ಮೇಲಕ್ಕೆ ಹಾಕಿ. ವಿಂಡೋಸ್‌ನಲ್ಲಿ ಲೀಸ್ ಸಾಮಾನ್ಯವಾಗಿ 8 ದಿನದ್ದು. ಅರ್ಧ ಅವಧಿಗೆ, ಅಂದರೆ ನಾಲ್ಕನೇ ದಿನಕ್ಕೆ, ಕಂಪ್ಯೂಟರ್‌ಗಳು ಅದನ್ನು ನವೀಕರಿಸುವಾಗ ಹೊಸ ವಿಳಾಸ ಅವಕ್ಕೆ ಸಿಗುತ್ತದೆ.

ಡಿಎನ್ಎಸ್ ನೋಡಲು ಸುಲಭ. ಆಕ್ಟಿವ್ ಡೈರೆಕ್ಟರಿಯೊಳಗಿನ ಜೋನ್‌ಗಳು (ಹೆಸರು-ವಿಳಾಸದ ಪಟ್ಟಿಗಳು) ಹೊಸ ಕಂಟ್ರೋಲರ್‌ಗೆ ತಾವಾಗಿ ಬರುತ್ತವೆ. ಫಾರ್ವರ್ಡರ್‌ಗಳು (ತನಗೆ ಗೊತ್ತಿಲ್ಲದ ಹೆಸರನ್ನು ಕೇಳುವ ಬೇರೆ ಸರ್ವರ್‌ಗಳ ಪಟ್ಟಿ) ಮಾತ್ರ ಆಯಾ ಸರ್ವರ್‌ನ ಸ್ವಂತದ್ದು. ಅವನ್ನು ಕೈಯಾರೆ ಹಾಕಬೇಕು. ಇಷ್ಟಾದ ಮೇಲೆ ಉಳಿಯುವುದು ಸ್ಥಿರ ಐಪಿ ಕೊಟ್ಟು ಕೂರಿಸಿದ ಸಾಧನಗಳು. ಹಾಜರಾತಿ ಯಂತ್ರ, ಸಿಸಿಟಿವಿ ರೆಕಾರ್ಡರ್, ಜೆರಾಕ್ಸ್ ಮಷಿನ್, ಯಾವತ್ತೋ ಯಾರೋ ಹಾಕಿದ ಇಆರ್‌ಪಿ ಸರ್ವರ್. ಇವುಗಳ ಪಟ್ಟಿ ಯಾವ ಕಚೇರಿಯಲ್ಲೂ ಪೂರ್ತಿ ಇರುವುದಿಲ್ಲ.

ಪಟ್ಟಿಯನ್ನು ಹಳೆಯ ಸರ್ವರ್‌ನಿಂದಲೇ ಬರೆಸಬಹುದು. ಡಿಎನ್ಎಸ್ ಪ್ರಾಪರ್ಟೀಸ್‌ನಲ್ಲಿ ಡೀಬಗ್ ಲಾಗಿಂಗ್ ಆನ್ ಮಾಡಿ, ಒಳಬರುವ ಪ್ರಶ್ನೆಗಳನ್ನಷ್ಟೇ ಆರಿಸಿ, ಕೆಲವು ದಿನ ಬಿಡಿ. ಫೈಲ್ ತೆರೆದಾಗ ಒಂದು ವಿಷಯ ತಿಳಿದಿರಲಿ: ಅದರಲ್ಲಿ ಡೊಮೇನ್ ಹೆಸರಿನ ನಡುವೆ ಚುಕ್ಕಿ ಇರುವುದಿಲ್ಲ. ಹೆಸರಿನ ಪ್ರತಿ ತುಂಡಿನ ಮುಂದೆ ಅದರ ಅಕ್ಷರಗಳ ಎಣಿಕೆ ಆವರಣದಲ್ಲಿರುತ್ತದೆ, ಸಾಲು ಸೊನ್ನೆಯಲ್ಲಿ ಮುಗಿಯುತ್ತದೆ. ಪೂರ್ತಿ ಹೆಸರು ಕೊಟ್ಟು ಹುಡುಕಿದವರು ಏನೂ ಇಲ್ಲ ಎಂದುಕೊಂಡು ಫೈಲ್ ಮುಚ್ಚುವುದು ಇದರಿಂದಲೇ. ಪ್ರಶ್ನೆ ಕೇಳಿದವರ ಐಪಿಗಳನ್ನು ಎಕ್ಸೆಲ್‌ಗೆ ಎಳೆದು, ಪುನರಾವರ್ತನೆ ತೆಗೆದು ನೋಡಿ. ಯಾವ ಸಾಧನವೆಂದು ತಿಳಿಯದಿದ್ದರೆ ಅದರ ಮ್ಯಾಕ್ ವಿಳಾಸದ ಮೊದಲರ್ಧ ತಯಾರಕರ ಹೆಸರು ಹೇಳುತ್ತದೆ. ಸ್ವಿಚ್‌ನಲ್ಲಿ ಪೋರ್ಟ್ ಹುಡುಕಿ ಆ ಕೇಬಲ್ ಹಿಂದೆ ನಡೆದುಹೋಗಿ. ನಾನಂತೂ ಈ ನಡಿಗೆಯನ್ನು ಯಾರಿಗೂ ಬಿಡಲು ಹೇಳುವುದಿಲ್ಲ.

ಎಲ್‌ಡ್ಯಾಪ್ (ಡೈರೆಕ್ಟರಿಯನ್ನು ನೇರವಾಗಿ ವಿಚಾರಿಸುವ ವಿಧಾನ) ಬಳಸುವ ಸಾಧನಗಳದು ಬೇರೆ ಗುಂಪು. ಫೈರ್‌ವಾಲ್‌ನ ವಿಪಿಎನ್ ಲಾಗಿನ್, ಜೆರಾಕ್ಸ್ ಮಷಿನ್‌ನ ವಿಳಾಸ ಪುಸ್ತಕ ಇಂಥವು ಡಿಎನ್ಎಸ್ ಲಾಗ್‌ನಲ್ಲಿ ಕಾಣದೆಯೂ ಹಳೆಯ ಐಪಿಗೆ ನೇರವಾಗಿ ಹೋಗುತ್ತಿರುತ್ತವೆ. ಎಲ್‌ಡ್ಯಾಪ್ ಲಾಗಿಂಗ್ ಮಟ್ಟವನ್ನು ಎರಡಕ್ಕೆ ಏರಿಸಿದರೆ, ಸಹಿ ಇಲ್ಲದೆ ಬರುವ ಇಂಥ ಸಂಪರ್ಕಗಳ ಐಪಿಗಳು ಡೈರೆಕ್ಟರಿ ಸರ್ವೀಸ್ ಲಾಗ್‌ನ 2889ನೇ ಈವೆಂಟ್‌ನಲ್ಲಿ ಸಿಗುತ್ತವೆ.

ಲಾಗ್ ಖಾಲಿಯಾದ ಮೇಲೂ ಹಳೆಯದನ್ನು ಕೂಡಲೇ ಡಿಮೋಟ್ ಮಾಡಬೇಡಿ, ಅಂದರೆ ಕಂಟ್ರೋಲರ್ ಸ್ಥಾನದಿಂದ ಇಳಿಸಬೇಡಿ. ನೆಟ್‌ವರ್ಕ್ ಕೇಬಲ್ ತೆಗೆದು ಒಂದು ವಾರ ಬಿಡಿ, ಸಂಬಳದ ಲೆಕ್ಕ ಅಥವಾ ತಿಂಗಳ ಕೊನೆಯ ಬಿಲ್ಲಿಂಗ್ ಆ ವಾರದಲ್ಲಿ ಬಂದರೆ ಇನ್ನೂ ಒಳ್ಳೆಯದು. ಏನಾದರೂ ನಿಂತರೆ ಕೇಬಲ್ ಮತ್ತೆ ಚುಚ್ಚಿದರಾಯಿತು. ತಿಂಗಳುಗಟ್ಟಲೆ ಮರೆಯಬೇಡಿ: ಟೂಂಬ್‌ಸ್ಟೋನ್ ಅವಧಿ (ಅಳಿಸಿದ ಖಾತೆಗಳ ಗುರುತು ಉಳಿಯುವ ಕಾಲ) ಸಾಮಾನ್ಯವಾಗಿ 180 ದಿನ, ಅದು ಮೀರಿದ ಕಂಟ್ರೋಲರ್ ಅನ್ನು ಮತ್ತೆ ಸೇರಿಸುವಂತಿಲ್ಲ.

ಡಿಮೋಟ್ ಮಾಡುವ ದಿನ ಹಳೆಯದನ್ನು ನೆಟ್‌ವರ್ಕ್‌ಗೆ ಸೇರಿಸಿ, ರೆಪ್ಲಿಕೇಶನ್ (ಕಂಟ್ರೋಲರ್‌ಗಳ ನಡುವೆ ಮಾಹಿತಿ ನಕಲಾಗುವುದು) ಸರಿಯಾಗಿದೆಯೆಂದು ನೋಡಿ. ಸರ್ಟಿಫಿಕೇಟ್ ಸರ್ವೀಸಸ್ ಅದರಲ್ಲೇ ಇದ್ದರೆ ಮೊದಲು ಅದನ್ನು ಬೇರೆಡೆ ಸಾಗಿಸಬೇಕು, ಇಲ್ಲದಿದ್ದರೆ ಡಿಮೋಟ್ ಆಗುವುದಿಲ್ಲ. ಮುಗಿದ ಮೇಲೆ ಡಿಎನ್ಎಸ್ ಜೋನ್‌ಗಳ ನೇಮ್ ಸರ್ವರ್ ಪಟ್ಟಿ, ಸೈಟ್ಸ್ ಅಂಡ್ ಸರ್ವೀಸಸ್ ಮತ್ತು ಡಿಎಚ್‌ಸಿಪಿಯ 006ನೇ ಆಯ್ಕೆ, ಈ ಮೂರು ಕಡೆಯೂ ಹಳೆಯ ಸರ್ವರ್‌ನ ಹೆಸರು, ವಿಳಾಸ ಉಳಿದಿದ್ದರೆ ಅಳಿಸಿ.